ಗಾಳಿ ತುಂಬಿದ ತೋಳಪಟ್ಟಿ ಲೈಫ್ ಜಾಕೆಟ್ ಅಲ್ಲ

ಬೇಸಿಗೆ ರಜೆ ಬಂತೆಂದರೆ ಕಲಬುರಗಿಯ ಮೊಬೈಲ್‌ಗಳಲ್ಲಿ ಒಂದು ಸಂದೇಶ ಮತ್ತೆ ಓಡಾಡುತ್ತದೆ: ಸಮುದ್ರದ ಹಾಯಿದೋಣಿ ದೊಡ್ಡದಿದ್ದರೆ ಮಕ್ಕಳಿಗೆ ಗಾಳಿ ತುಂಬಿದ ತೋಳಪಟ್ಟಿಯೇ ಸಾಕು. ಇದು ತಪ್ಪು. ಕಳಿಸುವವರಲ್ಲಿ ಇರುವುದು ಮಕ್ಕಳ ಮೇಲಿನ ಅಕ್ಕರೆಯೇ. ಭೀಮಾ ತೀರದ ನಮಗೆ ಸಮುದ್ರದ ಹಾಯಿದೋಣಿ ಹೊಸದು, ಅದಕ್ಕೇ ನಂಬಿಬಿಡುತ್ತೇವೆ.

ತೋಳಪಟ್ಟಿ ಜಾರಬಹುದು, ತೂತಾಗಬಹುದು. ಮಗುವನ್ನು ಅಂಗಾತ ತಿರುಗಿಸಿ ಮುಖವನ್ನು ನೀರಿನ ಮೇಲೆ ಹಿಡಿಯುವ ಶಕ್ತಿ ಅದಕ್ಕಿಲ್ಲ. ಕುತ್ತಿಗೆಯ ಹಿಂದೆ ತೇಲುವ ದಿಂಬು, ಕಾಲುಗಳ ನಡುವೆ ಬಿಗಿಯುವ ಪಟ್ಟಿ ಇರುವ ಮಕ್ಕಳ ಜಾಕೆಟ್ ಇರುವುದೇ ಅದಕ್ಕಾಗಿ. ದೋಣಿಯ ಗಾತ್ರವೂ ಭರವಸೆಯಲ್ಲ. ಅಂಚಿನ ತಂತಿಬೇಲಿಗೆ ಬಲೆ ಕಟ್ಟಿದೆಯೇ, ಕೂರುವ ಜಾಗ ಆಳವಾಗಿದೆಯೇ ಎಂದು ನಾನಾದರೆ ಮೊದಲು ನೋಡುತ್ತೇನೆ.

ಇಂಥ ಸಂದೇಶದಲ್ಲಿ ಬರೆದವರ ಹೆಸರು, ದಿನಾಂಕ, ಕಾರಣ ಇವೆಯೇ ಎಂದು ನೋಡಿ. ಬಳಿಕ ತೋಳಪಟ್ಟಿಯ ಮೇಲಿನ ಸಣ್ಣ ಅಕ್ಷರ ಓದಿ. ಇದು ಜೀವರಕ್ಷಕವಲ್ಲ ಎಂದು ತಯಾರಕರೇ ಸಾಮಾನ್ಯವಾಗಿ ಮುದ್ರಿಸಿರುತ್ತಾರೆ. ಜಾಕೆಟ್‌ನ ಚೀಟಿಯಲ್ಲಿ ಮಗುವಿನ ತೂಕಕ್ಕೆ ಹೊಂದುವ ಅಳತೆ ಮತ್ತು 100 ನ್ಯೂಟನ್ (ತೇಲಿಸುವ ಬಲದ ಅಳತೆ) ಎಂಬ ಗುರುತು ಹುಡುಕಿ; 50 ನ್ಯೂಟನ್‌ನದು ಈಜು ಬಲ್ಲವರಿಗೆ. ತೊಡಿಸಿ, ಬಿಗಿದು, ಭುಜದ ಬಳಿ ಹಿಡಿದು ಮೇಲೆತ್ತಿ. ಜಾಕೆಟ್ ಕಿವಿಯವರೆಗೆ ಏರಿದರೆ ಅದು ಆ ಮಗುವಿನದಲ್ಲ.