ಇದನ್ನ ಸ್ವಲ್ಪ ಹಿಡ್ಕೋ

ಕ್ಯಾಂಪಿಂಗ್ ಮುಗಿಸಿ ಬಂದು ಮೂರು ದಿನವಾಯಿತು, ನನ್ನ ಕುತ್ತಿಗೆ ಇನ್ನೂ ಬಲಕ್ಕೆ ತಿರುಗುತ್ತಿಲ್ಲ. ಬಲಗಡೆಯಿಂದ ಯಾರಾದರೂ ಮಾತನಾಡಿಸಿದರೆ ಲಾರಿ ರಿವರ್ಸ್ ತೆಗೆದ ಹಾಗೆ ಇಡೀ ದೇಹವನ್ನೇ ತಿರುಗಿಸಬೇಕು. ಇದನ್ನಾದರೂ ತಡೆದುಕೊಳ್ಳಬಹುದು. ತಡೆಯಲಾಗದ್ದು ಅಣ್ಣನ ಫೋನು. ದಿನಾ ಸಂಜೆ ‘ಹೇಗಿದೆ ಕುತ್ತಿಗೆ?’ ಎಂದು ಕೇಳುತ್ತಾನೆ. ಉತ್ತರಕ್ಕೆ ಕಾಯದೆ, ‘ಏನೇ ಹೇಳು, ಮಲಗೋಕೆ ಮಾತ್ರ ಆರಾಮಾಗಿತ್ತು’ ಎಂದು ತಾನೇ ತೀರ್ಪು ಕೊಡುತ್ತಾನೆ.

ಆರಾಮ ಅನ್ನುವುದೇ ಈ ಪ್ರವಾಸದ ಮೂಲಮಂತ್ರ. ‘ಡೇರೆಯಲ್ಲಿ ಮಲಗಿ ಮೈಕೈ ನೋಯಿಸಿಕೊಳ್ಳೋರು ದಡ್ಡರು ಕಣೋ. ಎಲ್ಲಿಗೆ ಹೋದರೂ ಮನೆ ಥರಾನೇ ಇರಬೇಕು’ ಎಂದು ಅವನು ತಿಂಗಳ ಮೊದಲೇ ಪಟ್ಟಿ ಶುರು ಮಾಡಿದ್ದ. ಮನೆ ಥರಾನೇ ಇರಬೇಕು ಅಂದರೆ ಮನೆಯಲ್ಲೇ ಇರಬಹುದಲ್ಲ ಎಂದೆ. ಪಟ್ಟಿಗೆ ಇನ್ನೂ ಎರಡು ದಿಂಬು ಸೇರಿದವು.

ಮೋಜಿಗಾಗಿ ಡೇರೆ ಹಾಕಿ ಮಲಗುವ ಚಟವನ್ನು ಜನರಿಗೆ ಹಚ್ಚಿದವರಲ್ಲಿ ಮುಖ್ಯನಾದವನು ಥಾಮಸ್ ಹೈರಮ್ ಹೋಲ್ಡಿಂಗ್ ಎಂಬ ಇಂಗ್ಲೆಂಡಿನ ದರ್ಜಿ. ಸೈಕಲ್ಲಿನ ಮೇಲೆ ಹೇರಿಕೊಂಡು ಹೋಗುವಷ್ಟು ಹಗುರವಾದ ಡೇರೆ ಮಾಡಿಕೊಂಡವನು, 1901ರಲ್ಲಿ ತನ್ನಂಥವರದೇ ಒಂದು ಸಂಘ ಕಟ್ಟಿದ. ನಮ್ಮ ಸಾಮಾನು ಕಾರಿನ ಡಿಕ್ಕಿ ತುಂಬಿ, ಹಿಂದಿನ ಸೀಟು ತುಂಬಿ, ಮಿಕ್ಕದ್ದು ನನ್ನ ತೊಡೆಯ ಮೇಲಿತ್ತು. ಮಡಚುವ ಕುರ್ಚಿ ಎರಡು, ಮಡಚಲಾಗದ ಸ್ಟೂಲು ಒಂದು, ಡೇರೆಯ ಒಳಗೆ ಹಾಕಿಕೊಳ್ಳಲು ಬೇರೆ ಚಪ್ಪಲಿ, ಹೊರಗೆ ಬೇರೆ ಚಪ್ಪಲಿ. ಹೋಲ್ಡಿಂಗ್ ನೋಡಿದ್ದರೆ ಸೈಕಲ್ಲು ಮಾರಿ ಹೊಲಿಗೆಗೇ ವಾಪಸಾಗುತ್ತಿದ್ದ.

ಅಣ್ಣನದೊಂದು ಅಭ್ಯಾಸ ಹೇಳಲೇಬೇಕು. ಯಾವ ಕೆಲಸವನ್ನೂ ಅವನು ಒಬ್ಬನೇ ಮಾಡಿದ್ದಿಲ್ಲ. ಮಾಡುವುದೇನೋ ಅವನೇ, ಆದರೆ ಪಕ್ಕದಲ್ಲಿ ಹಿಡಿದುಕೊಂಡು ನಿಲ್ಲಲು ಒಂದು ಜೀವ ಬೇಕು. ಬಲ್ಬು ಬದಲಾಯಿಸುವಾಗ ನಾನು ಸ್ಟೂಲು ಹಿಡಿಯಬೇಕು, ಹಳೇ ಬಲ್ಬು ಹಿಡಿಯಬೇಕು, ಅವನ ಕನ್ನಡಕವನ್ನೂ ಹಿಡಿಯಬೇಕು. ‘ಇದನ್ನ ಸ್ವಲ್ಪ ಹಿಡ್ಕೋ’ ಎನ್ನುತ್ತಾನೆ. ಆ ‘ಸ್ವಲ್ಪ’ಕ್ಕೆ ಕಾಲಮಿತಿಯಿಲ್ಲ. ಹಿಂದಕ್ಕೆ ಕೇಳುವುದೂ ಇಲ್ಲ. ಚಿಕ್ಕಂದಿನಲ್ಲಿ ಅವನು ಬಿಚ್ಚಿದ ಗಡಿಯಾರದ ಸ್ಕ್ರೂ ಒಂದು ನನ್ನ ಕಂಪಾಸ್ ಪೆಟ್ಟಿಗೆಯಲ್ಲಿ ನಾಲ್ಕು ವರ್ಷ ಇತ್ತು.

ಡೇರೆ ಏಳುವಾಗಲೂ ಅದೇ ಕತೆ. ಮೊದಲು ಗೂಟಗಳು ಬಂದವು. ಎಡಗೈಗೆ ತೆಗೆದುಕೊಂಡೆ. ಆಮೇಲೆ ಹಗ್ಗ ಬಂತು, ಹೆಗಲಿಗೆ ಹಾಕಿಕೊಂಡೆ. ಸುತ್ತಿಗೆ ಬಂತು, ಕಂಕುಳಲ್ಲಿ ಇಟ್ಟುಕೊಂಡೆ. ಗೂಟಗಳ ಚೀಲ, ಅವನ ವಾಚು, ಯಾವುದೋ ಕಾಗದ, ಎಂತದೋ ಕೊಕ್ಕೆ ಎಲ್ಲ ಒಂದೊಂದಾಗಿ ಬಂದು ನನ್ನ ಜೇಬು ಸೇರಿದವು. ಕೊನೆಗೆ ಟಾರ್ಚು. ಅದಕ್ಕೆ ಜಾಗವಿರಲಿಲ್ಲ, ಹಲ್ಲಿನಲ್ಲಿ ಕಚ್ಚಿಕೊಂಡೆ. ‘ಬೆಳಕು ಅಲ್ಲಾಡಿಸಬೇಡ್ವೋ’ ಎಂದ. ಉಸಿರಾಡಿದರೆ ಅಲ್ಲಾಡುತ್ತದೆ ಎಂದು ಹೇಳೋಣವೆಂದರೆ ಬಾಯಲ್ಲಿ ಟಾರ್ಚು. ಅರ್ಧ ಗಂಟೆಯಲ್ಲಿ ಡೇರೆ ನಿಂತಿತು. ಅದರ ಪಕ್ಕ ಬಟ್ಟೆ ನೇತುಹಾಕುವ ಸ್ಟ್ಯಾಂಡಿನ ಹಾಗೆ ನಾನೂ ನಿಂತಿದ್ದೆ.

ಜಾಗ ಆರಿಸುವುದರಲ್ಲಿ ಮಾತ್ರ ನನ್ನ ಮಾತು ನಡೆದಿತ್ತು. ಅಣ್ಣನಿಗೆ ತಗ್ಗಿನಲ್ಲಿ, ನೀರಿನ ಪಕ್ಕ ಬೇಕಿತ್ತು. ರಾತ್ರಿ ತಣ್ಣನೆಯ ಗಾಳಿ ಭಾರವಾಗಿ ತಗ್ಗಿಗೇ ಇಳಿದು ಕೂರುತ್ತದೆ, ಸಾಲದ್ದಕ್ಕೆ ನೀರಿನ ತೇವ ಬೇರೆ ಎಂದು ಹೇಳಿ ಸ್ವಲ್ಪ ಎತ್ತರಕ್ಕೆ ಎಳೆದುಕೊಂಡು ಬಂದೆ. ಅಲ್ಲಿ ನೆಲ ಒಂಚೂರು ಇಳಿಜಾರು. ತಲೆ ಮೇಲಕ್ಕೆ ಬರುವ ಹಾಗೆ ಮಲಗಿದರಾಯಿತು. ಇದಕ್ಕೂ ‘ಮನೇಲಿ ಹೀಗಿರುತ್ತಾ?’ ಎಂದ.

ಇನ್ನು ಪಟ್ಟಿಯ ಕಿರೀಟಮಣಿ, ಡಬ್ಬಲ್ ಗಾಳಿ ಹಾಸಿಗೆ. ಇಪ್ಪತ್ತು ನಿಮಿಷ ಕಾಲಿನಲ್ಲಿ ಪಂಪು ತುಳಿದು, ಬೆವರಿ, ಮಧ್ಯೆ ಮಧ್ಯೆ ‘ಇದನ್ನ ಸ್ವಲ್ಪ ಹಿಡ್ಕೋ’ ಎನ್ನುತ್ತ ಅಣ್ಣ ಅದನ್ನು ಉಬ್ಬಿಸಿದ. ಅಂಗಡಿಯವರ ಲೆಕ್ಕದಲ್ಲಿ ‘ಇಬ್ಬರ ಡೇರೆ’ ಅಂದರೆ ಇಬ್ಬರು ಮಲಗಬಹುದು, ಆಮೇಲೆ ಯಾರೂ ಕೈ ಆಡಿಸಬಾರದು ಎಂದರ್ಥ. ಹಾಸಿಗೆ ಈ ಗೋಡೆಯಿಂದ ಆ ಗೋಡೆಗೆ ಒತ್ತಿಕೊಂಡು ನಿಂತಿತು. ಒಳಚಪ್ಪಲಿ ಇಡಲೂ ಜಾಗವಿಲ್ಲದೆ ಅವೂ ಹೊರಗೇ ಹೋದವು.

ಮಲಗಿದೆವು. ಅಣ್ಣ ನನಗಿಂತ ಇಪ್ಪತ್ತು ಕೆಜಿ ಹೆಚ್ಚು. ಅವನು ಮಗ್ಗುಲಾದರೆ ಅವನ ಕಡೆಯ ಗಾಳಿಯೆಲ್ಲ ನನ್ನ ಕಡೆಗೆ ನುಗ್ಗಿ ನಾನು ಮೇಲಕ್ಕೇಳುತ್ತಿದ್ದೆ. ಅವನು ಅಂಗಾತನಾದರೆ ದೊಪ್ಪೆಂದು ಇಳಿಯುತ್ತಿದ್ದೆ. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆಯಂತೆ, ಅವನು ಐದೇ ನಿಮಿಷದಲ್ಲಿ ಗೊರಕೆ ಶುರು ಮಾಡಿದ. ಚಿಂತೆಯೆಲ್ಲ ಹಿಡಿದುಕೊಳ್ಳಲು ನಾನಿದ್ದೆನಲ್ಲ.

ಹನ್ನೊಂದಕ್ಕೆ ಎಚ್ಚರವಾಗಿ, ‘ಒಳಗೆ ಗಾಳಿ ಬರ್ತಿದೆ’ ಎಂದು ಎದ್ದು ಕಿಂಡಿಗಳನ್ನೆಲ್ಲ ಮುಚ್ಚಿದ. ನಿಶ್ಶಬ್ದದಲ್ಲಿ ಡೇರೆಯ ಜಿಪ್ಪು ಎಳೆದರೆ ಯಾರೋ ಆಕಾಶವನ್ನೇ ಹರಿದಂತೆ ಝರ್‍ರ್ ಎನ್ನುತ್ತದೆ. ಮುಚ್ಚಿದರೆ ಬೆಚ್ಚಗಿರುತ್ತದೆ ಅನ್ನುವುದು ಅವನ ನಂಬಿಕೆ. ಮಲಗಿದ ಇಬ್ಬರ ಉಸಿರು, ಬೆವರು ಸೇರಿ ಒಂದು ರಾತ್ರಿಗೆ ಹತ್ತಿರ ಹತ್ತಿರ ಅರ್ಧ ಲೀಟರ್ ನೀರು ಗಾಳಿಗೆ ಸೇರುತ್ತದೆ. ಕಿಂಡಿ ತೆರೆದಿದ್ದರೆ ಅದು ಹೊರಗೆ ಹೋಗುತ್ತಿತ್ತು. ಮುಚ್ಚಿದ್ದರಿಂದ ತಣ್ಣನೆಯ ಬಟ್ಟೆಗೆ ತಾಗಿ ಹನಿಗಟ್ಟಿ, ಸರಿಯಾಗಿ ನನ್ನ ಹಣೆಗೆ ಇಳಿಯಿತು. ಅವನದೇ ಉಸಿರಿನಲ್ಲಿ ನನಗೆ ಅಭಿಷೇಕ! ಚಳಿ ಹೆಚ್ಚಾದಾಗ, ಒಲೆಯ ಕೆಂಡವನ್ನು ಒಳಗೆ ತಂದಿಟ್ಟುಕೊಳ್ಳೋಣವೇ ಎಂದ. ಆಗ ಮಾತ್ರ ಗದರಿದೆ. ಮುಚ್ಚಿದ ಡೇರೆಯಲ್ಲಿ ಕೆಂಡವೆಂದರೆ ಕಾರ್ಬನ್ ಮೋನಾಕ್ಸೈಡು. ವಾಸನೆಯೂ ಬರುವುದಿಲ್ಲ, ಮಲಗಿದವರು ಏಳುವುದೂ ಇಲ್ಲ.

ಚಳಿ ಮೇಲಿನಿಂದ ಬರುತ್ತಿರಲಿಲ್ಲ, ಬೆನ್ನಿನ ಕೆಳಗಿನಿಂದ ಬರುತ್ತಿತ್ತು. ಸ್ಲೀಪಿಂಗ್ ಬ್ಯಾಗು ಎಷ್ಟೇ ದಪ್ಪ ಇರಲಿ, ನಮ್ಮ ಭಾರಕ್ಕೆ ಕೆಳಗಿನ ಪದರ ಹಪ್ಪಳದಂತಾಗಿ ಬಿಸಿ ಹಿಡಿಯುವುದನ್ನು ಬಿಟ್ಟುಬಿಡುತ್ತದೆ. ಅದರ ಕೆಳಗಿನ ಗಾಳಿ ಹಾಸಿಗೆಯೊಳಗೆ ಬರೀ ಗಾಳಿ. ಅದು ಒಳಗೊಳಗೇ ಸುತ್ತುತ್ತ ಮೈಯ ಬಿಸಿಯನ್ನು ನೆಲಕ್ಕೆ ದಾಟಿಸುತ್ತಿರುತ್ತದೆ. ಹಾಸಿಗೆಯ ಮೇಲೆ ಒಂದು ಫೋಮ್ ಮ್ಯಾಟು ಹಾಸಿದ್ದರೆ ಸಾಕಿತ್ತು. ಮ್ಯಾಟು ಎರಡು ಇದ್ದವು. ಅಣ್ಣ ಅವನ್ನು ಬಾಗಿಲ ಹೊರಗೆ ಕಾಲೊರಸಿಗೆ ಮಾಡಿ ಹಾಸಿದ್ದ, ಮನೆ ಥರಾನೇ ಇರಲಿ ಎಂದು. ಅವುಗಳ ಮೇಲೆ ನಾಲ್ಕು ಜೊತೆ ಚಪ್ಪಲಿಗಳು ಬೆಚ್ಚಗೆ ಮಲಗಿದ್ದವು.

ನಿದ್ದೆ ಬರದೆ ಸ್ಲೀಪಿಂಗ್ ಬ್ಯಾಗಿನ ಚೀಟಿ ಓದಿದೆ. ಮೂರು ಉಷ್ಣಾಂಶ ಬರೆದಿರುತ್ತಾರೆ: ಕಂಫರ್ಟ್, ಲಿಮಿಟ್, ಎಕ್ಸ್‌ಟ್ರೀಮ್. ಅಣ್ಣ ಕೊಳ್ಳುವಾಗ ನೋಡಿದ್ದು ಮೂರನೆಯದನ್ನು. ಅದು ನಿದ್ದೆಗೆ ಸಂಬಂಧಿಸಿದ್ದಲ್ಲ, ಪ್ರಾಣ ಉಳಿಯುವುದಕ್ಕೆ ಸಂಬಂಧಿಸಿದ್ದು.

ಮೂರು ಗಂಟೆಯ ಹೊತ್ತಿಗೆ ಹಾಸಿಗೆ ಸೋಲತೊಡಗಿತು. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂದ ಹಿರಿಯರು ಇಂಥದ್ದನ್ನು ಕಂಡಿರಲಿಲ್ಲ. ಇದು ಗಂಟೆಗೊಂದು ಅಳತೆಗೆ ಬರುತ್ತಿತ್ತು. ಮೊದಲು ಸೊಂಟ ನೆಲ ಮುಟ್ಟಿತು, ಆಮೇಲೆ ಹೆಗಲು. ಹೆಗಲಿನ ಕೆಳಗೆ ಕಲ್ಲು. ಹಗಲು ಹುಡುಕಿದರೆ ಸಿಗದ ಕಲ್ಲು ಅದು, ರಾತ್ರಿ ಮಲಗಿದ ಮೇಲೇ ಹುಟ್ಟುತ್ತದೆ. ನಡುವೆ ಹಳ್ಳವಾಗಿ ಇಬ್ಬರೂ ಉರುಳಿ ಒಬ್ಬರಿಗೊಬ್ಬರು ಅಂಟಿಕೊಂಡೆವು. ಅವನ ಮೊಣಕೈ ನನ್ನ ಪಕ್ಕೆಲುಬಿಗೆ ನೆಟ್ಟಿತ್ತು. ದೂಡೋಣ ಎಂದು ಹಿಡಿದೆ.

ಆ ಮೊಣಕೈ ಗುರುತು ಸಿಕ್ಕಿತು. ಚಿಕ್ಕವರಿದ್ದಾಗ ಎರಡು ಕುರ್ಚಿ ಎದುರುಬದುರು ಇಟ್ಟು, ಮೇಲೆ ಬೆಡ್‌ಶೀಟ್ ಹೊದಿಸಿ ಮನೆ ಮಾಡುತ್ತಿದ್ದೆವು. ಒಳಗೆ ಬರಿ ನೆಲ, ಒಂದು ದಿಂಬು, ಬ್ಯಾಟರಿ ಮುಗಿಯುತ್ತ ಬಂದ ಟಾರ್ಚು. ‘ಶೀಟಿನ ತುದಿ ಸ್ವಲ್ಪ ಹಿಡ್ಕೋ’ ಎಂದು ಹೇಳಿ ಅವನು ಮಲಗಿಬಿಡುತ್ತಿದ್ದ. ನಾನು ಹಿಡಿದುಕೊಂಡೇ ನಿದ್ದೆ ಹೋಗುತ್ತಿದ್ದೆ. ಅವನ ಮದುವೆಯಾದ ಮೇಲೆ ಒಂದೇ ಸೂರಿನ ಕೆಳಗೆ ನಾವಿಬ್ಬರೇ ಮಲಗಿದ್ದು ಇದೇ ಮೊದಲು. ಮೊಣಕೈಯನ್ನು ಹಾಗೇ ಬಿಟ್ಟೆ. ಅದು ತಪ್ಪಾಯಿತು, ಕುತ್ತಿಗೆ ಹಿಡಿದದ್ದು ಆಮೇಲೆಯೇ.

ಬೆಳಿಗ್ಗೆ ಎದ್ದವನು, ಚಪ್ಪಟೆಯಾದ ಹಾಸಿಗೆಯ ಮೇಲೆ ಕೂತು ಭೌತಶಾಸ್ತ್ರ ಹೇಳಿದ. ಗಾಳಿ ತಣ್ಣಗಾದರೆ ಕುಗ್ಗುತ್ತದೆ, ಹಾಸಿಗೆಯ ತಪ್ಪಿಲ್ಲ. ನಿಜವೇ. ಆದರೆ ಸಂಜೆ 30 ಡಿಗ್ರಿ ಇದ್ದದ್ದು ರಾತ್ರಿ 12ಕ್ಕೆ ಇಳಿದರೂ ಒತ್ತಡ ಕಡಿಮೆಯಾಗುವುದು ನೂರಕ್ಕೆ ಆರು. ಮಿಕ್ಕ ತೊಂಬತ್ತನಾಲ್ಕು ಎಲ್ಲಿಗೆ ಹೋಯಿತು ಎಂದು ಕೇಳಿದೆ. ‘ಎಲ್ಲದಕ್ಕೂ ಲೆಕ್ಕ ಕೇಳ್ತೀಯಲ್ಲ, ಎಂಜಾಯ್ ಮಾಡೋದು ಕಲಿ’ ಎಂದ. ಮೂರು ದಿನದಿಂದ ಫೋನಿನಲ್ಲೂ ಇದೇ ಜಗಳ.

ಇಷ್ಟು ಬರೆದು, ಆ ಪ್ಯಾಂಟನ್ನು ಒಗೆಯಲು ಹಾಕೋಣವೆಂದು ಎದ್ದೆ. ಜೇಬು ತಡಕಿದರೆ ಒಂದು ಗೂಟ, ಒಂದು ಕೊಕ್ಕೆ, ಹರಿದ ಕಾಗದ ಸಿಕ್ಕವು. ಮೂಲೆಯಲ್ಲಿ ಕರಿಯ ರಬ್ಬರಿನ ಸಣ್ಣ ಮುಚ್ಚಳ. ಅದರ ಅಂಚಿನಲ್ಲಿ ಗಾಳಿ ಹಾಸಿಗೆಯ ಚಿತ್ರ ಸ್ಪಷ್ಟವಾಗಿ ಅಚ್ಚಾಗಿತ್ತು.

ಅಷ್ಟರಲ್ಲಿ ಫೋನು ಬಂತು. ‘ಹೇಗಿದೆ ಕುತ್ತಿಗೆ?’

ಮುಚ್ಚಳವನ್ನು ಇನ್ನೊಂದು ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡೇ, ‘ಆರಾಮಾಗಿದೆ ಅಣ್ಣಾ’ ಎಂದೆ.