ಹೊಟ್ಟೆ ಉರಿಗೆ ಇಂಗ್ಲಿಷಲ್ಲಿ ಏನಂತಾರೆ?

ಐದನೇ ಕ್ಲಾಸಿನಲ್ಲಿ ನನ್ನ ಇಂಗ್ಲಿಷ್ ನೋಟ್‌ಬುಕ್ಕಿನ ಅಂಚಿನಲ್ಲಿ ಮಿಸ್ ಕೆಂಪು ಇಂಕಿನಿಂದ ಬರೆದಿದ್ದರು: ‘ಡಾಕ್ಟರಿಗೆ ತೋರಿಸಿ. ಪೋಷಕರ ಸಹಿ ಬೇಕು.’

ನನಗೆ ಏನೂ ಆಗಿರಲಿಲ್ಲ. ಪ್ರಬಂಧದ ವಿಷಯ ‘ಮೈ ಬ್ರದರ್.’ ಅಣ್ಣನ ಬಗ್ಗೆ ಮನಸ್ಸಿನಲ್ಲಿದ್ದದ್ದನ್ನೇ ಬರೆದಿದ್ದೆ: ‘ವೆನ್ ಮೈ ಬ್ರದರ್ ಗೆಟ್ಸ್ ಮೋರ್ ಮಾರ್ಕ್ಸ್, ಮೈ ಸ್ಟಮಕ್ ಈಸ್ ಬರ್ನಿಂಗ್.’ ಮಿಸ್‌ಗೆ ಕನ್ನಡ ಬರುತ್ತಿರಲಿಲ್ಲ. ಪಾಪ, ಮಗುವಿಗೆ ಏನೋ ಕಾಯಿಲೆ ಅಂದುಕೊಂಡರು.

ಸಹಿ ಹಾಕುವ ಮೊದಲು ಅಮ್ಮ ಗಾಬರಿಯಿಂದ ಕೇಳಿದಳು, “ಯಾವಾಗಿಂದ ಹೊಟ್ಟೆ ಉರಿ?”

“ಅಣ್ಣ ಕ್ಲಾಸಿಗೆ ಫಸ್ಟ್ ಬಂದಾಗಿಂದ.”

ಅಣ್ಣ ಪಕ್ಕದಲ್ಲೇ ಕೂತಿದ್ದ. ಮುಂದಿನ ಕಥೆ ಬೇಡ ಬಿಡಿ.

ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್. ಎರಡೂ ಬರುತ್ತೆ ಅಂತ ಹೆಮ್ಮೆ ಬೇರೆ. ನಿಜ ಹೇಳಬೇಕೆಂದರೆ, ಕನ್ನಡದ ವಾಕ್ಯಕ್ಕೇ ಇಂಗ್ಲಿಷಿನ ಯೂನಿಫಾರಂ ತೊಡಿಸಿ ಶಾಲೆಗೆ ಕಳಿಸುತ್ತಿದ್ದೆ. ಗೇಟಿನಲ್ಲೇ ಸಿಕ್ಕಿಬೀಳುತ್ತಿತ್ತು.

ಒಮ್ಮೆ ಪರೀಕ್ಷೆಯ ತಯಾರಿ ಬಗ್ಗೆ ಬರೆಯಬೇಕಿತ್ತು. ನಾವು ಮಾತಾಡುವಾಗ ಪುಸ್ತಕ ಗಿಸ್ತಕ, ಚೀಲ ಗೀಲ ಅಂತೀವಲ್ವಾ? ಅದೇ ಲೆಕ್ಕದಲ್ಲಿ ಪೆನ್ನು ಗಿನ್ನು. ನಾನು ಶ್ರದ್ಧೆಯಿಂದ ಬರೆದೆ: ‘ಬಿಫೋರ್ ಎಕ್ಸಾಮ್, ಐ ಕೀಪ್ ಪೆನ್ ಅಂಡ್ ಜಿನ್ ಇನ್ ಮೈ ಬ್ಯಾಗ್.’ ‘ಗ’ ಬೇಕು ಅಂತ ಜೀ ಅಕ್ಷರ ಹಾಕಿದ್ದೆ, ಅದು ಹೋಗಿ ‘ಜ’ ಆಗಿ ಕೂತಿತ್ತು. ಆ ಪದ ಒಂದು ಜಾತಿಯ ಮದ್ಯದ ಹೆಸರು ಅಂತ ಗೊತ್ತಾಗಿದ್ದು ಸ್ಟಾಫ್ ರೂಮಿನಲ್ಲಿ, ಬ್ಯಾಗು ತಲೆಕೆಳಗು ಮಾಡಿ ಸುರಿದ ಮೇಲೆ. ಪೆನ್ನು ಸಿಕ್ಕಿತು. ಗಿನ್ನು ಸಿಗಲಿಲ್ಲ.

ಜಾಸ್ತಿ ಕಷ್ಟ ಕೊಟ್ಟಿದ್ದು ಮಾತ್ರ ಅಜ್ಜ. ಅಜ್ಜನಿಗೆ ‘ಹೀ’ ಅಂತ ಬರೆಯಬೇಕಂತೆ. ಅಂದರೆ ‘ಅವನು’! ಕೈ ಬರಲಿಲ್ಲ. ಮರ್ಯಾದೆಯಿಂದ ‘ದೇ’ ಅಂತ ಬರೆದೆ. ‘ಮೈ ಗ್ರ್ಯಾಂಡ್‌ಫಾದರ್ ಈಸ್ ಟಾಲ್. ದೇ ಹ್ಯಾವ್ ನೋ ಟೀತ್.’ ಮಿಸ್ ಬದಿಯಲ್ಲಿ ಕೇಳಿದ್ದರು, ಒಟ್ಟು ಎಷ್ಟು ಜನ ಅಜ್ಜಂದಿರು ಅಂತ. ತಿದ್ದಿ ‘ಹೀ’ ಮಾಡಿದೆ. ಆ ಸಂಜೆ ಅಜ್ಜನ ಮುಖ ನೋಡೋಕೆ ನಾಚಿಕೆಯಾಯಿತು. ಅವರು ಎಂದಿನಂತೆ ತಲೆ ಸವರಿದರು. ನಾನು ಶಾಲೆಯಲ್ಲಿ ಅವರನ್ನು ಏಕವಚನದಲ್ಲಿ ಕರೆದು ಬಂದಿದ್ದೆ.

ದೊಡ್ಡಪ್ಪ, ಚಿಕ್ಕಪ್ಪನದು ಇನ್ನೊಂದು ರಾಮಾಯಣ. ‘ಮೈ ಸ್ಮಾಲ್ ಫಾದರ್ ಈಸ್ ಬಿಗ್ಗರ್ ದ್ಯಾನ್ ಮೈ ಬಿಗ್ ಫಾದರ್.’ ಇದರಲ್ಲಿ ಒಂದಕ್ಷರ ಸುಳ್ಳಿಲ್ಲ.

ಇನ್ನು ‘ಎ’, ‘ಆ್ಯನ್’, ‘ದ.’ ಕನ್ನಡದಲ್ಲಿ ಇವುಗಳ ಕಾಟವೇ ಇಲ್ಲ. ಹಾಗಾಗಿ ಮೊದಲು ಪೂರ್ತಿ ಪ್ರಬಂಧ ಬರೆದು ಮುಗಿಸುತ್ತಿದ್ದೆ. ಬೆಲ್ ಹೊಡೆಯೋಕೆ ಐದು ನಿಮಿಷ ಇದ್ದಾಗ ಸಾಲಿಗೆ ಎರಡರಂತೆ ‘ದ’ ತುರುಕುತ್ತಿದ್ದೆ. ಜಾಗ ಖಾಲಿ ಕಂಡಲ್ಲಿ.

ಸ್ಪೆಲಿಂಗ್ ವಿಷಯದಲ್ಲಿ ಮಾತ್ರ ತಪ್ಪು ನನ್ನದಲ್ಲ ಅಂತ ಇವತ್ತಿಗೂ ವಾದ ಮಾಡುತ್ತೇನೆ. 49 ಅಕ್ಷರ ಕಲಿತು, ಬರೆದಿದ್ದನ್ನು ಹಾಗೇ ಓದುವ ಮಗುವಿಗೆ 26 ಅಕ್ಷರ ಕೊಟ್ಟು, ಅದರಲ್ಲೂ ಅರ್ಧ ಬಾಯಿ ಮುಚ್ಚಿಕೊಂಡಿರುತ್ತವೆ ಅಂದರೆ ಹೇಗೆ? ಸಾಲ ಅನ್ನೋ ಅರ್ಥದ ‘ಡೆಟ್’ ಪದದೊಳಗೆ ಒಂದು ‘ಬಿ’ ಕೂತಿದೆಯಲ್ಲ, ಅದು ಮೊದಲು ಇರಲೇ ಇಲ್ಲ. ಫ್ರೆಂಚಿನಿಂದ ಬಂದಾಗ ‘ಬಿ’ ಇಲ್ಲದೇ ಆರಾಮಾಗಿತ್ತು. ಮೂಲದಲ್ಲಿ ಇದು ಲ್ಯಾಟಿನ್ನಿನ ‘ಡೆಬಿಟುಮ್’ ಅಂತ ತೋರಿಸೋಕೆ ಪಂಡಿತರು ಆಮೇಲೆ ಸೇರಿಸಿದರು. ಉಚ್ಚಾರ ಬದಲಾಗಲಿಲ್ಲ. ಸಾಲಕ್ಕೆ ಬಿ ಅಂದರೆ ಬಡ್ಡಿ ಇರಬೇಕು. ಅವರು ಸೇರಿಸಿ ಹೋದರು, ಅರ್ಧ ಮಾರ್ಕಿನ ಲೆಕ್ಕದಲ್ಲಿ ಕಟ್ಟಿದ್ದು ನಾನು.

‘ನೀನು ನಿಮ್ಮಪ್ಪನಿಗೆ ಎಷ್ಟನೇ ಮಗು?’ ಇದನ್ನು ಇಂಗ್ಲಿಷಿನಲ್ಲಿ ನೇರವಾಗಿ ಕೇಳೋಕೆ ಪದವೇ ಇಲ್ಲ ಅಂತ ಗೊತ್ತಾದ ದಿನ ಬಹಳ ಖುಷಿಯಾಗಿತ್ತು. ಮಿಸ್ ಕೂಡ ಸುತ್ತಿ ಬಳಸಿ ಕೇಳಬೇಕಾಯಿತು. ಹೊಟ್ಟೆ ತಣ್ಣಗಾಯಿತು. ಇದನ್ನು ಮಾತ್ರ ಪ್ರಬಂಧದಲ್ಲಿ ಬರೆಯಲಿಲ್ಲ.

ಹೇಗೋ ಕಲಿತೆ. ಈಗ ದಿನವಿಡೀ ಆಫೀಸಿನಲ್ಲಿ ಇಂಗ್ಲಿಷಿನಲ್ಲೇ ಬರೆಯುತ್ತೇನೆ. ಯಾರೂ ಡಾಕ್ಟರ ಹತ್ತಿರ ಕಳಿಸುತ್ತಿಲ್ಲ. ಮೊನ್ನೆ ಮನೆಗೆ ಬಂದವನೇ ಚಪ್ಪಲಿ ಬಿಡುತ್ತಾ, “ಅಮ್ಮ, ನಾನೊಂದು ಸ್ನಾನ ತಗೊಂಡು ಬರ್ತೀನಿ” ಅಂದೆ.

ಅಮ್ಮ ಕನ್ನಡಕ ಸರಿಮಾಡಿಕೊಂಡು ನೋಡಿದಳು.

“ತಗೊಂಡು ಬಾ. ಯಾವ ಅಂಗಡಿಗೆ ಹೋಗ್ತೀಯಾ?”