ಇಮ್ಯುನಿಟಿ ಹೆಚ್ಚಿಸ್ತೀರಾ? ಯಾರದ್ದು ಸ್ವಾಮಿ?

ಪೌಡರ್ ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಬರೆದಿರುತ್ತಾರೆ: ಇಮ್ಯುನಿಟಿ ಹೆಚ್ಚಿಸಿ, ಕ್ಯಾನ್ಸರ್ ಓಡಿಸಿ. ಪಕ್ಕದಲ್ಲಿ ಗುರಾಣಿ ಹಿಡಿದು ನಗುತ್ತಿರುವ ಒಂದು ಬಿಳಿ ರಕ್ತಕಣ. ಹೆಚ್ಚಿಸಿ, ಬೇಡ ಅಂದವರು ಯಾರು? ಯಾವ ಕಣವನ್ನು ಅಂತ ಒಂದು ಮಾತು ಹೇಳಿಬಿಟ್ಟಿದ್ದರೆ ಚೆನ್ನಾಗಿತ್ತು.

ಯಾಕಂದ್ರೆ ಒಳಗಿರುವ ಪಡೆಯಲ್ಲಿ ಎಲ್ಲರದ್ದೂ ಒಂದೇ ಕೆಲಸ ಅಲ್ಲ. ಕೆಟ್ಟ ಕೋಶ ಕಂಡರೆ ಕೊಲ್ಲುವ ಟಿ ಕೋಶಗಳಿವೆ, ನ್ಯಾಚುರಲ್ ಕಿಲ್ಲರ್ ಕೋಶಗಳಿವೆ, ಸರಿ. ಮ್ಯಾಕ್ರೋಫೇಜ್ ಅಂತ ಇನ್ನೊಂದಿದೆ. ಕ್ರಿಮಿ ನುಂಗುವುದು, ಗಾಯ ಮಾಯಿಸುವುದು ಅದರ ಉದ್ಯೋಗ. ಆದರೆ ಗಡ್ಡೆಯೊಳಗೆ ಹೊಕ್ಕ ಮೇಲೆ, ಇದೂ ಒಂದು ಗಾಯವೇ ಅನ್ನುವ ಹಾಗೆ ವಿಇಜಿಎಫ್ ಎಂಬ ಪ್ರೋಟೀನ್ ಸುರಿದು ಗಡ್ಡೆಗೆ ಹೊಸ ರಕ್ತನಾಳ ಬೆಳೆಸಿಕೊಡುತ್ತದೆ, ಕೊಲ್ಲಲು ಬಂದ ಟಿ ಕೋಶಗಳನ್ನು ತಣ್ಣಗೆ ಮಾಡುತ್ತದೆ, ಕ್ಯಾನ್ಸರ್ ಕೋಶ ಬೇರೆ ಅಂಗಕ್ಕೆ ಹೊರಟರೆ ದಾರಿಯನ್ನೂ ಬಿಡಿಸಿಕೊಡುತ್ತದೆ. ಬೇಲಿಯೇ ಎದ್ದು ಹೊಲ ಮೇಯುವುದು ಅಂದರೆ ಇದೇ ಅಲ್ವಾ? ಕೆಲವು ಗಡ್ಡೆಗಳಲ್ಲಿ ಹೆಚ್ಚೂಕಡಿಮೆ ಅರ್ಧ ಭಾಗ ಈ ಮಹಾಶಯರೇ ತುಂಬಿಕೊಂಡಿರುತ್ತಾರೆ. ಪೌಡರ್ ಇವರಿಗೂ ಶಕ್ತಿ ಕೊಡುತ್ತದಾ?

ಆಮೇಲೆ ರೆಗ್ಯುಲೇಟರಿ ಟಿ ಕೋಶಗಳು. ಉಳಿದ ಕೋಶಗಳು ನಮ್ಮ ಮೈಮೇಲೇ ಎರಗದಂತೆ ತಡೆಯುವವರು. 2025ರ ವೈದ್ಯಕೀಯ ನೊಬೆಲ್ ಇವರ ಪತ್ತೆಗೇ ಹೋಯಿತು. ಗಡ್ಡೆ ಇವರನ್ನೂ ಕರೆಸಿಕೊಂಡು ತನ್ನ ಕಾವಲಿಗೆ ನಿಲ್ಲಿಸಿಕೊಳ್ಳುತ್ತದೆ.

ಇಮ್ಯುನಿಟಿಯನ್ನು ಕ್ಯಾನ್ಸರ್ ಮೇಲೆ ಛೂ ಬಿಡುವ ಔಷಧ ಇಲ್ಲ ಅಂತಲ್ಲ. ಟಿ ಕೋಶದ ಬ್ರೇಕ್ ಬಿಡಿಸುವ ಇಪಿಲಿಮುಮಾಬ್ 2011ರಲ್ಲೇ ಬಂತು, ಆ ದಾರಿ ತೋರಿಸಿದ ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊಗೆ 2018ರಲ್ಲಿ ನೊಬೆಲ್ ಬಂತು. ಕೆಲವರು ಅದರಿಂದ ವರ್ಷಗಟ್ಟಲೆ ಬದುಕಿದ್ದಾರೆ. ಎಲ್ಲರಿಗೂ ಅದು ನಾಟುವುದಿಲ್ಲ. ಬ್ರೇಕ್ ಬಿಟ್ಟ ಕೋಶಗಳು ಕೆಲವೊಮ್ಮೆ ಕರುಳು, ಥೈರಾಯ್ಡ್, ಲಿವರ್ ಮೇಲೂ ಬೀಳುತ್ತವೆ, ಆಗ ವೈದ್ಯರು ಸ್ಟೀರಾಯ್ಡ್ ಕೊಟ್ಟು ಅದೇ ಇಮ್ಯುನಿಟಿಯನ್ನು ಇಳಿಸಬೇಕಾಗುತ್ತದೆ. ಇಷ್ಟೆಲ್ಲ ಪಾಡು ಪಟ್ಟವರಿಗೆ ಒಂದು ಚಮಚ ಪೌಡರ್ ಹೊಳೆಯಲಿಲ್ಲ ಪಾಪ.

ಜಾಸ್ತಿ ಸಿಟ್ಟು ಬರುವುದು ಮುಂದಿನ ಉಪದೇಶಕ್ಕೆ. ಕೀಮೋದಿಂದ ಇಮ್ಯುನಿಟಿ ಬೀಳುತ್ತೆ, ಸುಮ್ನೆ ನಿಲ್ಲಿಸಿ, ನಮ್ಮದು ತಗೊಳ್ಳಿ ಅನ್ನುತ್ತಾರೆ. ಕೀಮೋದಿಂದ ಬಿಳಿ ಕಣ ತೀರಾ ಇಳಿದರೆ ಆಸ್ಪತ್ರೆಯಲ್ಲಿ ಜಿ-ಸಿಎಸ್‌ಎಫ್ ಇಂಜೆಕ್ಷನ್ ಇದೆ. ಅದು ಏರಿಸುವುದು ಮುಖ್ಯವಾಗಿ ಬಿಳಿ ಕಣಗಳಲ್ಲೇ ಒಂದು ಬಗೆಯಾದ ನ್ಯೂಟ್ರೋಫಿಲ್‌ಗಳನ್ನು, ಎಷ್ಟು ಏರಿತು ಅಂತ ರಕ್ತಪರೀಕ್ಷೆಯ ರಿಪೋರ್ಟಿನಲ್ಲಿ ಅಂಕಿ ಸಮೇತ ಬರುತ್ತದೆ. ಪೌಡರ್‌ನವರು ಅದೇ ರಿಪೋರ್ಟ್ ಹಿಡಿದು, ನಮ್ಮಿಂದ ಏರುವುದು ಈ ಸಾಲು ಅಂತ ಬೆರಳಿಟ್ಟು ತೋರಿಸಲಿ ನೋಡೋಣ.